ಗಿಟಾರಿನ ಕತ್ತಿಗೊಂದು ಕಂಬಳಿ ಪಟ್ಟಿ

ಶಿವಮೊಗ್ಗದ ನಮ್ಮ ಮನೆಯ ಪಡಸಾಲೆಯಲ್ಲಿ ಐದು ಗಿಟಾರ್‌ಗಳಿವೆ. ಎರಡು ನಾನು ನುಡಿಸುವವು, ಎರಡು ಪಾಠಕ್ಕೆ ಬರುವ ಮಕ್ಕಳಿಗೆಂದು ಇಟ್ಟವು. ಐದನೆಯದು ಚಿಕ್ಕಪ್ಪ ಅಮೆರಿಕದಿಂದ ಬರುವಾಗ ತಂದುಕೊಟ್ಟದ್ದು: 1974ರಲ್ಲಿ ಪೆನ್ಸಿಲ್ವೇನಿಯಾದ ನಜರೆತ್ ಎಂಬ ಊರಿನಲ್ಲಿ ತಯಾರಾದ ಮಾರ್ಟಿನ್ ಡಿ-28. ಅದರ ಬೆನ್ನು, ಪಕ್ಕೆ ಎರಡೂ ಬೀಟೆ ಮರದವು. ಮಾರ್ಟಿನ್‌ನವರು ಮೊದಲು ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದರು. ಅಲ್ಲಿಂದ ದಿಮ್ಮಿ ತರಿಸುವುದು ಕಷ್ಟವಾದಾಗ, 1969ರ ಸುಮಾರಿಗೆ, ಭಾರತದ ಬೀಟೆಗೆ ಬದಲಾದರು. ನಮ್ಮ ಘಟ್ಟಗಳಲ್ಲಿ ಬೆಳೆಯುವ ಜಾತಿಯೇ ಅದು. ಆ ಗಿಟಾರನ್ನು ಕೈಗೆತ್ತಿಕೊಂಡಾಗಲೆಲ್ಲ, ದೂರದೇಶಕ್ಕೆ ಹೋಗಿ ಮರಳಿ ಬಂದ ಮನೆಮಗಳನ್ನು ಕಂಡ ಹಾಗಾಗುತ್ತದೆ ನನಗೆ.

ಐದೂ ಮೊದಲು ಗೋಡೆಗೆ ಒರಗಿ ನಿಲ್ಲುತ್ತಿದ್ದವು. ಒಂದು ಸಂಜೆ ಪಾಠ ಮುಗಿಸಿ ಎದ್ದ ಹುಡುಗನ ಚೀಲ ತಗುಲಿ ತುದಿಯ ಗಿಟಾರ್ ಉರುಳಿತು, ಅದರ ಹಿಂದೆಯೇ ಪಕ್ಕದ್ದೂ ಉರುಳಿತು. ಪಾಠದ ಗಿಟಾರೊಂದರ ತಲೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಗಿಟಾರಿನ ತಲೆ ಕತ್ತಿನಿಂದ ಸ್ವಲ್ಪ ಹಿಂದಕ್ಕೆ ಬಾಗಿರುತ್ತದಲ್ಲ, ಆ ಬಾಗಿನಲ್ಲಿ ಮರದ ಎಳೆಗಳು ಉದ್ದಕ್ಕೆ ಸಾಗದೆ ಓರೆಯಾಗಿ ತುಂಡಾಗಿರುತ್ತವೆ. ಹಿಂದಕ್ಕೆ ಬಿದ್ದರೆ ಮುರಿಯುವುದು ಅಲ್ಲೇ. ಮಾರ್ಟಿನ್ ಬಿದ್ದಿರಲಿಲ್ಲ. ಆದರೂ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಬೆಳಿಗ್ಗೆಯೇ ನಮ್ಮ ಬೀದಿಯ ಆಚಾರ್ರ ಅಂಗಡಿಗೆ ಹೋದೆ. ಅವರು ಒಂದು ಗಿಟಾರನ್ನು ತೊಡೆಯ ಮೇಲಿಟ್ಟು, ತಿರುಗಿಸಿ ತಿರುಗಿಸಿ ನೋಡಿದರು. "ಮೇಷ್ಟ್ರೇ, ಇದನ್ನ ಎದುರುಮುಖ ನಿಲ್ಸಿದ್ರೆ ಗೋಡೆ ತುಂಬಾ ಜಾಗ ತಿನ್ನತ್ತೆ. ಇಸ್ಕೂಲಲ್ಲಿ ಸೈಕಲ್ ಸ್ಟ್ಯಾಂಡ್ ಇರತ್ತಲ್ಲ, ಹಾಗೆ ಪಕ್ಕಮಗ್ಗುಲಾಗಿ ನಿಲ್ಸಿದ್ರೆ?" ಎಂದರು. ಅಷ್ಟರಲ್ಲಿ ಅರ್ಧ ಕೆಲಸ ಮುಗಿದಂತಾಯಿತು. ಅಕೂಸ್ಟಿಕ್ ಗಿಟಾರಿನ ಹೊಟ್ಟೆಯ ಅಗಲ 40 ಸೆಂಟಿಮೀಟರ್, ದಪ್ಪ ಬರೀ 12. ಒಂದರ ಬೆನ್ನು ಇನ್ನೊಂದರ ಹೊಟ್ಟೆಗೆ ಮುಖಮಾಡಿದರೆ, ನಡುವೆ ಕೈ ಹೋಗುವಷ್ಟು ಜಾಗ ಬಿಟ್ಟರೂ, ಒಂದಕ್ಕೆ 17 ಸೆಂಟಿಮೀಟರ್ ಸಾಕು. ಐದು ಗಿಟಾರ್ 90 ಸೆಂಟಿಮೀಟರ್‌ನಲ್ಲಿ ಕೂತವು.

ಮರಕ್ಕೆ ಸಿಲ್ವರ್ ಓಕ್ ಆರಿಸಿಕೊಂಡೆವು. ಕಾಫಿ ತೋಟಕ್ಕೆ ನೆರಳಿಗೆಂದು ಆಸ್ಟ್ರೇಲಿಯಾದಿಂದ ಬಂದ ಮರ. ಹಗುರ, ಕೈಗೆಟುಕುವ ಬೆಲೆ. ಕೆಳಗೆ ಎರಡು ಅಡ್ಡಪಟ್ಟಿ: ಹಿಂದಿನದು ಮುಂದಿನದಕ್ಕಿಂತ ಎರಡು ಬೆರಳು ತಗ್ಗು, ಹಾಗಾಗಿ ಗಿಟಾರ್ ತಾನಾಗಿ ಹಿಂದಕ್ಕೆ ಒರಗುತ್ತದೆ. 75 ಸೆಂಟಿಮೀಟರ್ ಎತ್ತರದಲ್ಲಿ ಮೇಲಿನ ಪಟ್ಟಿ, ಅದರಲ್ಲಿ ಜೋಡಿಜೋಡಿಯಾಗಿ ಮರದ ಗೂಟಗಳು, ಪ್ರತಿ ಜೋಡಿಯ ನಡುವೆ ಕತ್ತು ಕೂರಲು 5 ಸೆಂಟಿಮೀಟರ್ ಸಂದು. ಮೊಳೆ ಒಂದೂ ಇಲ್ಲ. ಕಂಬಕ್ಕೆ ತೂತು ಕೊರೆದು, ಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ ಕೂರಿಸಿದ್ದು. ಗರಗಸದ ಕೆಲಸ ಆಚಾರ್ರದ್ದು, ಮರಳುಕಾಗದ ಉಜ್ಜಿದ್ದು ನಾನು. ಮೂರು ಭಾನುವಾರದಲ್ಲಿ ರ‍್ಯಾಕ್ ಎದ್ದು ನಿಂತಿತು. ಮೇಲೆ ಮಗು ಹತ್ತಿದರೂ ಅಲುಗದಷ್ಟು ಗಟ್ಟಿ.

ಇನ್ನು ಮರಕ್ಕೆ ಮರ ತಾಗದಂತೆ ಏನಾದರೂ ಮೆತ್ತನೆಯದು ಹೊದಿಸಬೇಕಿತ್ತು. ಏ.ಸಿ. ಪೈಪಿಗೆ ತೊಡಿಸುವ ಕಪ್ಪು ಸ್ಪಂಜಿನ ಕೊಳವೆ ತಂದೆ. ಗೂಟಕ್ಕೆ ಅಳತೆ ಮಾಡಿ ಹೊಲಿಸಿದಂತೆ ಕೂತಿತು, ನೋಡಲೂ ಚೆಂದ. ಸಮಸ್ಯೆ ಶುರುವಾದದ್ದು ಅಲ್ಲಿಂದ.

ಮೇ ತಿಂಗಳ ಒಂದು ಮಧ್ಯಾಹ್ನ ಮಾರ್ಟಿನ್ ಎತ್ತಲು ಹೋದೆ. ಕತ್ತು ಗೂಟವನ್ನು ಬಿಡಲು ಒಪ್ಪಲಿಲ್ಲ. ಸ್ವಲ್ಪ ಎಳೆದಾಗ 'ಚರ್' ಎಂದು ಬಿಟ್ಟುಕೊಂಡಿತು. ಕತ್ತಿನ ಹಿಂಭಾಗದಲ್ಲಿ ಎರಡು ಬೆರಳಗಲದ ಮಂಕು ಪಟ್ಟೆ. ಹೆಬ್ಬೆರಳಿಟ್ಟರೆ ಅರ್ಧ ಒಣಗಿದ ಹಲಸಿನ ಮೇಣದ ಹಾಗೆ ಅಂಟು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ: ಸ್ಪಂಜಿನ ಒಂದೊಂದು ಸಣ್ಣ ರಂಧ್ರವೂ ಮೆರುಗಿನ ಮೇಲೆ ಅಚ್ಚೊತ್ತಿತ್ತು. ಐವತ್ತು ವರ್ಷ ಗಾಜಿನಂತಿದ್ದ ಮೆರುಗು ಕೆಲವೇ ತಿಂಗಳಲ್ಲಿ ಮೇಣವಾಗಿತ್ತು.

ಮೊದಲು ಮಕ್ಕಳ ಬೆವರು ಕೈಯೇ ಕಾರಣ ಎಂದುಕೊಂಡೆ. ಆದರೆ ಮಾರ್ಟಿನ್ ಮಕ್ಕಳ ಕೈಗೆ ಸಿಗುವುದೇ ಇಲ್ಲ. ಸೆಖೆ ಎಂದುಕೊಂಡೆ. ಸೆಖೆಯಾದರೆ ಇಡೀ ಕತ್ತು ಅಂಟಾಗಬೇಕಿತ್ತು. ಕೊನೆಗೆ ಐದನ್ನೂ ಚಾಪೆಯ ಮೇಲೆ ಸಾಲಾಗಿ ಮಲಗಿಸಿ ಒಂದೊಂದೇ ಸವರಿ ನೋಡಿದೆ. ಉಳಿದ ನಾಲ್ಕಕ್ಕೂ ಏನೂ ಆಗಿರಲಿಲ್ಲ. ಅದೇ ರ‍್ಯಾಕ್, ಅದೇ ಸ್ಪಂಜು, ಅದೇ ಬೇಸಿಗೆ. ಹಾಗಿದ್ದರೆ ವ್ಯತ್ಯಾಸ ಇರುವುದು ಗಿಟಾರಿನ ಮೈಮೇಲಿನ ಮೆರುಗಿನಲ್ಲೇ. ಈ ಒಂದು ಮಾತು ಹೊಳೆಯಲು ನನಗೆ ಒಂದು ವಾರ ಬೇಕಾಯಿತು.

ಅದಕ್ಕೆ ಹೆಸರು ಕೊಟ್ಟವರು ಆಚಾರ್ರ ಅಂಗಡಿಗೆ ಬರುವ ಪಾಲಿಶ್ ಕೆಲಸದವರು. "ಅದು ಎನ್‌ಸಿ ಮೇಷ್ಟ್ರೇ. ಹಳೇ ಗಿಟಾರೆಲ್ಲ ಅದೇ. ತಿನ್ನರ್ ಹಚ್ಚಿದ್ರೆ ಎಷ್ಟು ವರ್ಷ ಆದ್ಮೇಲೂ ಕರಗತ್ತೆ. ನಿಮ್ಮ ಹೊಸಾವು ಪಿಯು, ಏನ್ ಹಚ್ಚಿದ್ರೂ ಅಲ್ಲಾಡಲ್ಲ." ಎನ್‌ಸಿ ಎಂದರೆ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಅದು ಒಣಗುವುದು ದ್ರಾವಕ ಆವಿಯಾಗಿ ಹೋಗುವುದರಿಂದ ಮಾತ್ರ, ತಟ್ಟೆಯಲ್ಲಿ ಬೆಲ್ಲದ ಪಾಕ ಒಣಗಿದ ಹಾಗೆ. ಮತ್ತೆ ನೀರು ಬಿದ್ದರೆ ಬೆಲ್ಲ ಕರಗುತ್ತದೆ. ಪಿಯು, ಅಂದರೆ ಪಾಲಿಯುರೆಥೇನ್, ಒಣಗುವಾಗ ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಅದು ಬೆಂದ ಇಡ್ಲಿ. ನೀರಲ್ಲಿ ನೆನೆಸಿದರೂ ಮತ್ತೆ ಹಿಟ್ಟಾಗುವುದಿಲ್ಲ.

ಅಲ್ಲಿಂದ ಮುಂದೆ ನಾನು ಓದುತ್ತಾ ಹೋದೆ, ಆ ಓದು ನನ್ನನ್ನು ಬಹಳ ಹಿಂದಕ್ಕೆ ಕರೆದೊಯ್ದಿತು. ನೈಟ್ರೋಸೆಲ್ಯುಲೋಸ್‌ನ ಮೂಲ ಹತ್ತಿ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕ್ರಿಶ್ಚಿಯನ್ ಶೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞ ಚೆಲ್ಲಿದ ಆಮ್ಲವನ್ನು ಹೆಂಡತಿಯ ಹತ್ತಿಯ ಏಪ್ರನ್‌ನಿಂದ ಒರೆಸಿ, ಒಲೆಯ ಬಳಿ ಒಣಹಾಕಿದಾಗ ಅದು ಭಗ್ಗೆಂದು ಉರಿದುಹೋಯಿತು ಎಂಬ ಕತೆಯಿದೆ. ಕತೆ ಹೇಗೇ ಇರಲಿ, 1846ರಲ್ಲಿ ಅವನು ಹತ್ತಿಯನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲದಲ್ಲಿ ಅದ್ದಿ ಮಾಡುವ ಸಿಡಿಹತ್ತಿಯನ್ನು ಜಗತ್ತಿಗೆ ತೋರಿಸಿದ್ದು ನಿಜ. ಇದೇ ಪದಾರ್ಥವನ್ನು ಸ್ವಲ್ಪ ಸೌಮ್ಯವಾಗಿ ತಯಾರಿಸಿ ದ್ರಾವಕದಲ್ಲಿ ಕರಗಿಸಿದರೆ ಪಾರದರ್ಶಕ ಪದರವಾಗುತ್ತದೆ. ಆದರೆ ಆ ಪದರ ಹಪ್ಪಳದಂತೆ, ಬಾಗಿಸಿದರೆ ಒಡೆಯುತ್ತದೆ. ಅದನ್ನು ಬಾಗುವಂತೆ ಮಾಡಿದ್ದು ಯಾವುದು ಗೊತ್ತೇ? ನಮ್ಮ ಆರತಿ ತಟ್ಟೆಯ ಕರ್ಪೂರ. ಅಮೆರಿಕದ ಜಾನ್ ವೆಸ್ಲಿ ಹಯಟ್ 1870ರಲ್ಲಿ ಪೇಟೆಂಟ್ ಪಡೆದ ಸೆಲ್ಯುಲಾಯ್ಡ್ ಎಂದರೆ ನೈಟ್ರೋಸೆಲ್ಯುಲೋಸ್‌ಗೆ ಕರ್ಪೂರ ಬೆರೆಸಿದ್ದು. ಸೆಲ್ಯುಲಾಯ್ಡ್‌ನಿಂದ ಮಾಡಿದ ಗಿಟಾರ್ ಪಿಕ್ ಅನ್ನು ಉಜ್ಜಿ ಮೂಗಿಗೆ ಹಿಡಿಯಿರಿ, ದೇವರ ಮನೆಯ ವಾಸನೆ ಬರುತ್ತದೆ. ಇದೇ ಕೆಲಸಕ್ಕೆ ಹರಳೆಣ್ಣೆಯನ್ನೂ ಬಳಸುತ್ತಿದ್ದರು. ಹೀಗೆ ಗಡಸು ಪದಾರ್ಥದ ಒಳಗೆ ಸೇರಿ ಅದನ್ನು ಮೆದುಗೊಳಿಸುವ ವಸ್ತುವಿಗೆ ಪ್ಲಾಸ್ಟಿಸೈಜರ್ ಎನ್ನುತ್ತಾರೆ.

ಗಿಟಾರಿಗೆ ಈ ಮೆರುಗು ಬಂದದ್ದರಲ್ಲಿ ಕಾರಿನ ಪಾತ್ರವೂ ಇದೆ. 1920ರ ದಶಕದ ಆರಂಭದವರೆಗೆ ಕಾರಿನ ಬಣ್ಣ ಒಣಗಲು ವಾರಗಟ್ಟಲೆ ಬೇಕಿತ್ತು. 1923ರಲ್ಲಿ ಡುಪಾಂಟ್ ಮತ್ತು ಜನರಲ್ ಮೋಟರ್ಸ್ ಕೂಡಿ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಲ್ಯಾಕರ್ ತಂದರು; ಬೇಗ ಒಣಗುವ ಬಣ್ಣ. ಅದೇ ದಶಕದಲ್ಲಿ ಗಿಟಾರ್ ತಯಾರಕರೂ ಈ ಲ್ಯಾಕರ್‌ಗೆ ಹೊರಳಿದರು. ಮುಂದೆ ಫೆಂಡರ್ ಕಂಪನಿ ಕಾರಿನ ಬಣ್ಣಗಳನ್ನೇ ತನ್ನ ಎಲೆಕ್ಟ್ರಿಕ್ ಗಿಟಾರಿಗೆ ಬಳಿಯಿತು.

ಇನ್ನೊಂದು ಎಳೆ ನನ್ನ ಸ್ಪಂಜಿನದು. 1926ರಲ್ಲಿ ಒಹಾಯೋದ ಅಕ್ರನ್‌ನಲ್ಲಿ ವಾಲ್ಡೋ ಸೆಮನ್ ಎಂಬ ವಿಜ್ಞಾನಿ ರಬ್ಬರನ್ನು ಲೋಹಕ್ಕೆ ಅಂಟಿಸುವ ಗೋಂದು ಹುಡುಕುತ್ತಿದ್ದ. ಆಗ ಯಾರಿಗೂ ಬೇಡವಾಗಿದ್ದ ಪಿವಿಸಿಯನ್ನು ಬಿಸಿ ದ್ರಾವಕದಲ್ಲಿ ಕಾಯಿಸಿ ನೋಡಿದ. ಗೋಂದು ಸಿಗಲಿಲ್ಲ, ಪುಟಿಯುವ ಮೆತ್ತನೆಯ ಪ್ಲಾಸ್ಟಿಕ್ ಸಿಕ್ಕಿತು. ಮೆತ್ತನೆಯ ಪಿವಿಸಿಯ ಗುಟ್ಟೂ ಪ್ಲಾಸ್ಟಿಸೈಜರೇ. ಏ.ಸಿ. ಪೈಪಿನ ಸ್ಪಂಜನ್ನು ನೈಟ್ರೈಲ್ ರಬ್ಬರಿಗೆ ಪಿವಿಸಿ ಬೆರೆಸಿ ಮಾಡುವುದು ಸಾಮಾನ್ಯ. ಅದರೊಳಗಿನ ಈ ಎಣ್ಣೆಯಂಥ ವಸ್ತು ಎಲ್ಲೂ ಗಟ್ಟಿಯಾಗಿ ಕಟ್ಟಿಕೊಂಡಿರುವುದಿಲ್ಲ. ಪಕ್ಕದಲ್ಲಿ ತನಗೆ ಒಗ್ಗುವ ಮನೆ ಸಿಕ್ಕರೆ ಮೆಲ್ಲನೆ ಅಲ್ಲಿಗೆ ಹೊರಡುತ್ತದೆ. ಮಾರ್ಕ್ಸ್ ಕಾರ್ಡಿನ ಜೆರಾಕ್ಸನ್ನು ಪ್ಲಾಸ್ಟಿಕ್ ಫೈಲಿನಲ್ಲಿ ವರ್ಷಗಟ್ಟಲೆ ಇಟ್ಟರೆ ಅಕ್ಷರಗಳು ಫೈಲಿಗೇ ಅಂಟಿಕೊಂಡು ಬರುವುದನ್ನು ನೀವೂ ನೋಡಿರುತ್ತೀರಿ. ಅದೂ ಇದೇ. ಕರ್ಪೂರವನ್ನು ಒಳಗೆ ಬಿಟ್ಟುಕೊಂಡ ನೈಟ್ರೋಸೆಲ್ಯುಲೋಸ್ ಈ ಹೊಸ ನೆಂಟನನ್ನೂ ಬಿಟ್ಟುಕೊಂಡಿತು. ಮೆರುಗು ಮೆದುವಾಯಿತು. ಬೇಸಿಗೆಯ ಶಾಖ ಅದನ್ನು ಇನ್ನಷ್ಟು ಬೇಗ ಮಾಡಿಸಿತು.

ಓದಿದ್ದು ಸರಿಯೇ ಎಂದು ಕಣ್ಣಾರೆ ನೋಡಬೇಕೆನಿಸಿತು. ಉಳಿದಿದ್ದ ಸಿಲ್ವರ್ ಓಕ್ ತುಂಡಿನ ಅರ್ಧಕ್ಕೆ ಎನ್‌ಸಿ, ಅರ್ಧಕ್ಕೆ ಪಿಯು ಹಾಕಿಸಿದೆ. ಒಂದು ತಿಂಗಳು ಮುಟ್ಟಬೇಡಿ ಎಂದರು ಪಾಲಿಶ್‌ನವರು, ಮುಟ್ಟಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಮಹಡಿಯ ಶೀಟಿನ ಕೋಣೆಯಲ್ಲಿ ಅದರ ಮೇಲೆ ಆರು ಪಟ್ಟಿ ಅಡ್ಡಲಾಗಿ ಇಟ್ಟೆ: ಕಪ್ಪು ಸ್ಪಂಜು, ವೈರಿನ ಪಿವಿಸಿ ಹೊದಿಕೆ, ಸೈಕಲ್ ಟ್ಯೂಬು, ಚಪ್ಪಲಿ ಹೊಲಿಯುವವರು ಕೊಟ್ಟ ಚಕ್ಕಳ, ಅಪ್ಪನ ಹಳೆಯ ಪಂಚೆ, ಅಜ್ಜಿಯ ಕಾಲದ ಚಳ್ಳಕೆರೆ ಕಂಬಳಿಯ ತುಂಡು. ಪ್ರತಿಯೊಂದರ ಮೇಲೂ ಅರ್ಧ ಇಟ್ಟಿಗೆ. ಮೊದಲ ಭಾನುವಾರ ಏನೂ ಇರಲಿಲ್ಲ. ಎರಡನೆಯ ಭಾನುವಾರ ವೈರಿನ ಹೊದಿಕೆ ಎನ್‌ಸಿ ಕಡೆ ಎತ್ತುವಾಗ ತಡೆಯಿತು. ಮೂರನೆಯ ವಾರ ಸ್ಪಂಜು ಎತ್ತಿದಾಗ, ಮಾರ್ಟಿನ್‌ನ ಕತ್ತಿನ ಮೇಲೆ ಕಂಡ ಅದೇ ರಂಧ್ರಗಳ ಅಚ್ಚು! ಒಬ್ಬನೇ ಇದ್ದರೂ "ಸಿಕ್ತು" ಎಂದು ಕೂಗಿಬಿಟ್ಟೆ. ಸೈಕಲ್ ಟ್ಯೂಬು ಎರಡೂ ಕಡೆ ಕಂದು ಕಲೆ ಬಿಟ್ಟಿತ್ತು. ಅಂದರೆ ಪಿಯು ಕೂಡ ರಬ್ಬರಿನ ಕಲೆಯಿಂದ ಪಾರಲ್ಲ. ಚಕ್ಕಳದ ಅಡಿಯಲ್ಲಿ ಹೊಳಪು ಸ್ವಲ್ಪ ಮಾಸಿತ್ತು. ಪಂಚೆ, ಕಂಬಳಿಯ ಅಡಿಯಲ್ಲಿ ಏನೂ ಇಲ್ಲ.

ಕಂಬಳಿಯೇ ನನ್ನ ಆಯ್ಕೆಯಾಯಿತು. ಕರಿಕುರಿಯ ತುಪ್ಪಟದ್ದೇ ಬಣ್ಣ, ಮೇಲೆ ಬಳಿದದ್ದೇನೂ ಇಲ್ಲ. ನೇಯುವಾಗ ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟಿರುತ್ತಾರೆ, ಹಾಗಾಗಿ ಮೊದಲು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಚೆನ್ನಾಗಿ ಜಾಲಾಡಿದೆ. ಉಣ್ಣೆ ಒರಟು, ಉಜ್ಜಿದರೆ ಹೊಳಪಿಗೆ ಗೀರು ಬೀಳುತ್ತದೆ. ಅದಕ್ಕೇ ಮೇಲೊಂದು ಪಂಚೆಯ ಪದರ. ಗೋಂದು ಹಾಕದೆ, ರವಿಕೆಯ ತೋಳಿನಂತೆ ಹೊಲಿದು ಗೂಟಕ್ಕೆ ತೊಡಿಸಿದೆ. ಮಳೆಗಾಲ ಮುಗಿದ ಮೇಲೆ ಬಿಚ್ಚಿ ಬಿಸಿಲಿಗೆ ಹಾಕಬೇಕು, ಇಲ್ಲದಿದ್ದರೆ ಹುಳ ಹಿಡಿಯುತ್ತದೆ. ಆ ಮೆರುಗು ಹುಟ್ಟಿದ್ದೂ ಹತ್ತಿಯಿಂದಲೇ ಎಂಬುದು ಪಂಚೆಯನ್ನು ಕತ್ತರಿಸುವಾಗ ನೆನಪಾಗಿ ಮನಸ್ಸು ತುಂಬಿ ಬಂತು.

ಮಾರ್ಟಿನ್‌ನ ಕತ್ತಿನ ಮೇಲಿನ ಪಟ್ಟೆ ಹೋಗಿಲ್ಲ. ಅಂಟು ಕಡಿಮೆಯಾಗಿದೆ, ಮಂಕು ಹಾಗೆಯೇ ಉಳಿದಿದೆ. ಹೊಸ ಲ್ಯಾಕರ್ ಹಚ್ಚಿಸೋಣ ಎಂದರು ಕೆಲವರು, ನಾನು ಒಪ್ಪಲಿಲ್ಲ. ಐವತ್ತು ವರ್ಷದ ಮೆರುಗನ್ನು ಕೆರೆದು ತೆಗೆಯುವುದಕ್ಕಿಂತ ಎರಡು ಬೆರಳಗಲದ ಕಲೆಯೇ ವಾಸಿ.

ನಿಮ್ಮ ಮನೆಯಲ್ಲೂ ಹಳೆಯ ಗಿಟಾರ್ ಇದ್ದರೆ ಒಂದು ಮಾತು ಕೇಳಿ. ರ‍್ಯಾಕ್ ಅಂಗಡಿಯದ್ದಾಗಲಿ, ಮನೆಯಲ್ಲಿ ಮಾಡಿದ್ದಾಗಲಿ, ಇವತ್ತೇ ಗಿಟಾರನ್ನು ಎತ್ತಿ, ಕತ್ತು ತಾಗುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಒಂದಿಷ್ಟು ಅಂಟೆನಿಸಿದರೂ ಆ ಸ್ಪಂಜನ್ನು ಕಿತ್ತುಹಾಕಿ, ಹಳೆಯ ಹತ್ತಿ ಬಟ್ಟೆ ಸುತ್ತಿ.