ಹಳೆಯ ಕಾರಿನ ಮುಚ್ಚದ ಬಾಗಿಲು: ದೋಷದ ಮೂಲ ಮತ್ತು ದುರಸ್ತಿಯ ಲೆಕ್ಕ

ಹುಣಸೂರು ಮತ್ತು ಪಿರಿಯಾಪಟ್ಟಣದ ಹೊಗೆಸೊಪ್ಪು ವರ್ತಕರು, ಕೆ.ಆರ್. ನಗರದ ಅಕ್ಕಿ ಗಿರಣಿಗಳ ಮಾಲೀಕರು, ಹೆಚ್.ಡಿ. ಕೋಟೆಯ ಕಾಡಂಚಿನ ಜಮೀನುದಾರರು ಒಂದು ಕಾಲದಲ್ಲಿ ನಂಬಿದ್ದ ವಾಹನಗಳು ಎರಡು: ಅಂಬಾಸಿಡರ್ ಕಾರು ಮತ್ತು ಮಹೀಂದ್ರ ಜೀಪು. ಅನುಕೂಲಸ್ಥರ ಮನೆಗಳಲ್ಲಿ ಫಿಯೆಟ್ ಅಥವಾ ಪದ್ಮಿನಿಯೂ ಇರುತ್ತಿತ್ತು. ಪದ್ಮಿನಿಯ ತಯಾರಿಕೆ 2000ದ ಆಸುಪಾಸಿನಲ್ಲಿ ನಿಂತಿತು. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿದ್ದ ಅಂಬಾಸಿಡರ್ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಕೆಲಸ ನಿಲ್ಲಿಸಿತು. ಆದರೂ ತಂದೆಯ ಕಾಲದ ವಾಹನವನ್ನು ಮಾರದೆ ಉಳಿಸಿಕೊಂಡ ಮನೆತನಗಳು ಈ ಭಾಗದಲ್ಲಿ ಇಂದಿಗೂ ಇವೆ.

ಇಂತಹ ವಾಹನದ ಎಂಜಿನ್ ಬಗ್ಗೆ ಮಾಲೀಕರು ವಹಿಸುವ ಕಾಳಜಿ ಬಾಗಿಲಿಗೆ ದೊರೆಯುವುದಿಲ್ಲ. ಎರಡು ಬಾರಿ ಬಡಿದರೂ ಕೂರದ ಬಾಗಿಲು, ಎತ್ತಿ ಹಿಡಿದರೆ ಮಾತ್ರ ಮುಚ್ಚುವ ಬಾಗಿಲು, ಹಳ್ಳ ಸಿಕ್ಕಿದಾಗ ತಾನಾಗಿಯೇ ತೆರೆದುಕೊಳ್ಳುವ ಬಾಗಿಲು ಇವುಗಳನ್ನು ಹಳೆಯ ಗಾಡಿಯ ಸಹಜ ಗುಣವೆಂದು ಸಹಿಸಿಕೊಳ್ಳಲಾಗುತ್ತದೆ. ಇದು ಅಪಾಯಕರ ಮಾತ್ರವಲ್ಲ, ದುಬಾರಿಯೂ ಹೌದು. ಬಾಗಿಲು ಮುಚ್ಚದಿರಲು ಕಾರಣ ಬಹಳ ಸಲ ಬಾಗಿಲಿನಲ್ಲಿಯೇ ಇರುವುದಿಲ್ಲ. ಕಾರಣವನ್ನು ಪತ್ತೆ ಹಚ್ಚದೆ ಮಾಡಿದ ದುರಸ್ತಿಗೆ ಎರಡು ಬಾರಿ ಹಣ ತೆರಬೇಕಾಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪು

ಬಾಗಿಲು ಸರಿಯಾಗಿ ಕೂರದಿದ್ದಾಗ ಟಿಂಕರಿಂಗ್ ಅಂಗಡಿಯಲ್ಲಿ ಮೊದಲು ಕೈ ಹೋಗುವುದು ಪಿಲ್ಲರ್ ಮೇಲಿನ ಸ್ಟ್ರೈಕರ್‌ಗೆ, ಅಂದರೆ ಬಾಗಿಲಿನ ಲಾಕ್ ಹೋಗಿ ಕಚ್ಚುವ ತುಂಡಿಗೆ. ಅದರ ಸ್ಕ್ರೂ ಸಡಿಲಿಸಿ ತುಸು ಕೆಳಗೆ ಸರಿಸಿದರೆ ಬಾಗಿಲು ಅಂದು ಮುಚ್ಚುತ್ತದೆ. ಆದರೆ ಜೋತುಬಿದ್ದ ಬಾಗಿಲಿನ ಭಾರವು ಈಗ ಲಾಕ್ ಮೇಲೆ ಬೀಳುತ್ತದೆ, ಲಾಕ್ ಸವೆಯುತ್ತದೆ, ಅಂಚಿನ ಬಣ್ಣ ಕಿತ್ತುಬರುತ್ತದೆ. ಕೆಲವು ತಿಂಗಳಲ್ಲಿ ಹಳೆಯ ದೂರು ಮರಳುತ್ತದೆ. ತಾಳೆಯಾಗದ ಅಡಾವೆಯ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಲೆಕ್ಕ ಸರಿಹೋಯಿತೆಂದು ಭಾವಿಸಿದಂತೆಯೇ ಇದು. ಮೊತ್ತಗಳು ಕೂಡುತ್ತವೆ, ತಪ್ಪು ಮಾತ್ರ ಪುಸ್ತಕದಲ್ಲಿಯೇ ಉಳಿಯುತ್ತದೆ.

ಪರೀಕ್ಷೆಯ ಕ್ರಮ

ಪರೀಕ್ಷೆಯು ಖರ್ಚಿಲ್ಲದ ಹಂತಗಳಿಂದ ಆರಂಭವಾಗಬೇಕು. ವಾಹನವನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ಈ ಕೆಳಗಿನ ಕ್ರಮವನ್ನು ಅನುಸರಿಸುವುದು ಲೇಸು.

1. ಬಾಗಿಲನ್ನು ಅರ್ಧ ತೆರೆದು, ಹಿಡಿಕೆಯ ಬದಿಯನ್ನು ಎರಡೂ ಕೈಗಳಿಂದ ಮೇಲೆತ್ತಿ ನೋಡಬೇಕು. ಕೀಲಿನ ಬಳಿ ಅಲುಗಾಟ ಕಂಡುಬಂದರೆ ಹಿಂಜ್ ಪಿನ್ ಸವೆದಿದೆ ಎಂದರ್ಥ. ಪಿನ್ ಗಟ್ಟಿಯಾಗಿದ್ದು ಇಡೀ ಕೀಲೇ ಅಲುಗಿದರೆ ಅದನ್ನು ಹಿಡಿದಿರುವ ಸ್ಕ್ರೂಗಳು ಸಡಿಲವಾಗಿವೆ, ಇಲ್ಲವೇ ಪಿಲ್ಲರ್ ತುಕ್ಕು ಹಿಡಿದಿದೆ.

2. ಸ್ಟ್ರೈಕರ್ ಇರುವ ಜಾಗದ ಸುತ್ತ ಪೆನ್ಸಿಲ್‌ನಿಂದ ಗುರುತು ಹಾಕಿ, ಅದನ್ನು ಕಳಚಿ, ಬಾಗಿಲನ್ನು ಮೆಲ್ಲನೆ ಮುಚ್ಚಬೇಕು. ಬಾಗಿಲು ಬಾಡಿಗೆ ಸಮನಾಗಿ ಕುಳಿತರೆ ದೋಷ ಲಾಕ್ ಅಥವಾ ಸ್ಟ್ರೈಕರ್‌ನಲ್ಲಿದೆ. ಆಗಲೂ ಕೂರದಿದ್ದರೆ ದೋಷ ಕೀಲು, ಬೀಡಿಂಗ್ ರಬ್ಬರ್ ಅಥವಾ ಬಾಡಿಯಲ್ಲಿದೆ. ಈ ಒಂದು ಪರೀಕ್ಷೆ ಅರ್ಧ ಗೊಂದಲವನ್ನು ನಿವಾರಿಸುತ್ತದೆ.

3. ಬಾಗಿಲು ಮತ್ತು ರಬ್ಬರ್ ನಡುವೆ ಕಾಗದದ ಪಟ್ಟಿಯನ್ನಿಟ್ಟು ಮುಚ್ಚಿ, ಎಳೆದು ನೋಡಬೇಕು. ಸುತ್ತಲೂ ಒಂದೇ ಬಿಗಿತವಿರಬೇಕು. ಒಂದು ಕಡೆ ಕಾಗದ ಹರಿಯುವಷ್ಟು ಬಿಗಿಯಾಗಿ, ಇನ್ನೊಂದು ಕಡೆ ಸಲೀಸಾಗಿ ಬಂದರೆ ರಬ್ಬರ್ ದಪ್ಪವಾಗಿದೆ ಅಥವಾ ಬಾಗಿಲು ತಿರುಚಿದೆ. ಹೊಸ ರಬ್ಬರ್ ಹಾಕಿಸಿದ ಮೇಲೆ ಆರಂಭವಾದ ತೊಂದರೆಗೆ ಬಹುಪಾಲು ಅಳತೆ ತಪ್ಪಿದ ರಬ್ಬರೇ ಕಾರಣ.

4. ಬಾಗಿಲಿನ ಸುತ್ತಲಿನ ಸಂದಿಯನ್ನು ಅಳೆದು, ಬಾಡಿಯ ನಡುಭಾಗಕ್ಕೆ ಜಾಕ್ ಕೊಟ್ಟು ತುಸು ಎತ್ತಿ, ಮತ್ತೆ ಅಳೆಯಬೇಕು. ಸಂದಿ ಗಮನಾರ್ಹವಾಗಿ ಬದಲಾದರೆ ಬಾಡಿಯೇ ಕುಸಿದಿದೆ. ಜಾಕ್ ಕೊಡುವಾಗ ತುಕ್ಕು ಹಿಡಿದ ತಗಡಿನ ಮೇಲಲ್ಲ, ಗಟ್ಟಿ ಭಾಗದಲ್ಲಿ ಮರದ ತುಂಡನ್ನಿಟ್ಟು ಕೊಡಬೇಕು.

ದೋಷಕ್ಕೆ ತಕ್ಕ ದುರಸ್ತಿ

ಲಾಕ್ ಒಳಗೆ ಗಟ್ಟಿಯಾದ ಗ್ರೀಸ್ ಮತ್ತು ಧೂಳು ತುಂಬಿದ್ದರೆ ಸೀಮೆಎಣ್ಣೆಯಿಂದ ತೊಳೆದು ಹೊಸ ಗ್ರೀಸ್ ಹಾಕಿದರೆ ಸಾಕು. ಸವೆದ ಪಿನ್‌ಗೆ ಬಿಡಿಭಾಗ ಸಿಗದಿದ್ದರೂ ಚಿಂತೆಯಿಲ್ಲ. ರಂಧ್ರವನ್ನು ಸಮನಾಗಿ ಕೊರೆದು, ತುಸು ದಪ್ಪನೆಯ ಪಿನ್ ಅಥವಾ ಬುಷ್ ಅನ್ನು ಸಾಮಾನ್ಯ ಲೇತ್ ಅಂಗಡಿಯಲ್ಲಿಯೇ ಮಾಡಿಸಬಹುದು. ಕೀಲು ಸರಿಯಾದ ಮೇಲೆಯೇ ಸ್ಟ್ರೈಕರ್ ಅನ್ನು ಸ್ವಲ್ಪ ಸ್ವಲ್ಪವೇ ಸರಿಸಬೇಕು. ಬಾಡಿ, ಕೀಲು, ಲಾಕ್, ಕೊನೆಗೆ ರಬ್ಬರ್: ಈ ಅನುಕ್ರಮವನ್ನು ತಪ್ಪಿಸಬಾರದು.

ಅತ್ಯಂತ ಗಂಭೀರವಾದದ್ದು ಬಾಡಿಯ ಕುಸಿತ. ಅಂಬಾಸಿಡರ್‌ಗೆ ಜೀಪಿನಂತೆ ಪ್ರತ್ಯೇಕ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರುತ್ತದೆ. ಬಾಗಿಲ ಕೆಳಗೆ ಉದ್ದಕ್ಕೂ ಇರುವ ಹೊಸ್ತಿಲಿನಂತಹ ಪೆಟ್ಟಿಗೆ ಭಾಗವು ತುಕ್ಕಿನಿಂದ ಸೊರಗಿದರೆ ಕಾರಿನ ನಡು ಬಾಗಿ, ಬಾಗಿಲಿನ ಮೇಲ್ಗಡೆ ಸಂದಿ ಕಿರಿದಾಗುತ್ತದೆ, ಕೆಳಗಡೆ ಅಗಲವಾಗುತ್ತದೆ. ಈ ಭಾಗವನ್ನು ಬದಲಿಸುವಾಗ ಬಾಗಿಲಿನ ಚೌಕಟ್ಟಿಗೆ ಅಡ್ಡಪಟ್ಟಿಗಳನ್ನು ವೆಲ್ಡ್ ಮಾಡಿ ಬಿಗಿಗೊಳಿಸಿದ ನಂತರವೇ ಹಳೆಯ ತಗಡನ್ನು ಕತ್ತರಿಸಬೇಕು, ಬಾಗಿಲನ್ನು ಪದೇ ಪದೇ ಕೂರಿಸಿ ನೋಡುತ್ತಿರಬೇಕು. ಹಾಗೆ ಮಾಡದೆ ಬೆಸೆದರೆ ತಪ್ಪಾದ ಆಕಾರವೇ ಶಾಶ್ವತವಾಗುತ್ತದೆ. ಜೀಪಿನಲ್ಲಾದರೆ ಬಾಡಿ ಮತ್ತು ಚಾಸಿಸ್ ನಡುವಿನ ಪ್ಯಾಕಿಂಗ್ ಕುಗ್ಗಿದೆಯೇ ಎಂಬುದನ್ನು ಮೊದಲು ನೋಡಬೇಕು.

ಹೆಚ್.ಡಿ. ಕೋಟೆಯ ಕಾಡಂಚಿನಲ್ಲಿ ಮಳೆಗಾಲ ಕಳೆದ ವಾಹನಗಳಿಗೆ ಒಂದು ಎಚ್ಚರಿಕೆ. ಗಾಜಿನ ಬದಿಯಿಂದ ಬಾಗಿಲಿನೊಳಗೆ ಇಳಿದ ನೀರು ಕೆಳ ಅಂಚಿನ ಸಣ್ಣ ರಂಧ್ರಗಳ ಮೂಲಕ ಹೊರಹೋಗಬೇಕು. ಕೆಸರು ಅಥವಾ ಬಣ್ಣದಿಂದ ಅವು ಮುಚ್ಚಿದ್ದರೆ ತುಕ್ಕು ಒಳಗಿನಿಂದಲೇ ಬೆಳೆಯುತ್ತದೆ. ಆ ರಂಧ್ರಗಳನ್ನು ತಂತಿಯಿಂದ ಬಿಡಿಸಲು ಯಾವ ಖರ್ಚೂ ಇಲ್ಲ.

ಆರಂಭದ ಫಿಯೆಟ್ 1100 ಕಾರುಗಳಲ್ಲಿ ಮುಂಬಾಗಿಲಿನ ಕೀಲು ಹಿಂಬದಿಯಲ್ಲಿರುತ್ತದೆ. ಅಂತಹ ಬಾಗಿಲು ಓಟದಲ್ಲಿ ತೆರೆದರೆ ಗಾಳಿಯೇ ಅದನ್ನು ಹಿಂದಕ್ಕೆ ಎಳೆಯುತ್ತದೆ. ಅಂತಹ ಕಾರಿನ ಲಾಕ್ ಸಂದೇಹಾಸ್ಪದವಾಗಿದ್ದರೆ ಮಕ್ಕಳನ್ನು ಕೂರಿಸಿಕೊಂಡು ಹೊರಡಲೇಬಾರದು.

ನೋಂದಣಿಯ ನಿಯಮ

ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ತಪಾಸಣೆಯ ನಂತರ ಐದು ವರ್ಷಗಳಿಗೊಮ್ಮೆ ನವೀಕರಿಸಬೇಕು. 2025ರ ಆಗಸ್ಟ್‌ನ ತಿದ್ದುಪಡಿಯಂತೆ 20 ವರ್ಷ ಮೀರಿದ ಲಘು ಮೋಟಾರು ವಾಹನಕ್ಕೆ ಈ ಶುಲ್ಕ 10,000 ರೂ. ಆಗಿದೆ. 50 ವರ್ಷ ಮೀರಿದ ವಾಹನಗಳಿಗೆ 2021ರ ಜುಲೈನಲ್ಲಿ ಪ್ರತ್ಯೇಕ ವಿಂಟೇಜ್ ನೋಂದಣಿ ಬಂದಿದ್ದು, ಹೊಸ ನೋಂದಣಿಗೆ 20,000 ರೂ., ಹತ್ತು ವರ್ಷಗಳ ನಂತರದ ನವೀಕರಣಕ್ಕೆ 5,000 ರೂ. ನಿಗದಿಯಾಗಿದೆ. ಚಾಸಿಸ್, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬುದು ಇದರ ಷರತ್ತು. ಆದ್ದರಿಂದ ತುಕ್ಕು ಹಿಡಿದ ಭಾಗವನ್ನು ಮೂಲ ಆಕಾರದಲ್ಲಿಯೇ ದುರಸ್ತಿ ಮಾಡಿಸಿ, ಕೆಲಸದ ಮೊದಲಿನ ಹಾಗೂ ನಂತರದ ಛಾಯಾಚಿತ್ರಗಳನ್ನು ಇಟ್ಟುಕೊಳ್ಳುವುದು ಜಾಣತನ. ವಿಂಟೇಜ್ ನೋಂದಣಿ ಪಡೆದ ವಾಹನವನ್ನು ದಿನನಿತ್ಯದ ಅಥವಾ ವಾಣಿಜ್ಯ ಬಳಕೆಗೆ ಉಪಯೋಗಿಸುವಂತಿಲ್ಲ.

ಲೆಕ್ಕಪತ್ರದಲ್ಲಿ

ವ್ಯಾಪಾರಕ್ಕೆ ಬಳಸುವ ವಾಹನದ ಕೀಲು, ಲಾಕ್, ರಬ್ಬರ್‌ಗಳ ಖರ್ಚು ಆಯಾ ವರ್ಷದ ದುರಸ್ತಿ ವೆಚ್ಚವಾಗುತ್ತದೆ. ಇರುವ ಆಸ್ತಿಯನ್ನು ಕಾಪಾಡುವುದೋ, ಹೊಸ ಆಸ್ತಿಯನ್ನು ಸೃಷ್ಟಿಸುವುದೋ ಎಂಬುದೇ ಇಲ್ಲಿ ಒರೆಗಲ್ಲು. ಇಡೀ ವಾಹನದ ಪುನರ್‌ನಿರ್ಮಾಣವನ್ನು ಚಾಲ್ತಿ ದುರಸ್ತಿ ಎಂದು ತೋರಿಸಿದರೆ ಆಕ್ಷೇಪಣೆ ಬರಬಹುದು. ಮನೆಯ ಹವ್ಯಾಸಕ್ಕಿಟ್ಟ ಕಾರಿನ ಖರ್ಚನ್ನು ಅಂಗಡಿಯ ಪುಸ್ತಕಕ್ಕೆ ತರಲೇಬಾರದು.

ಚಾಲಕ ಸೇರಿ 13 ಜನರವರೆಗಿನ ಪ್ರಯಾಣಿಕ ವಾಹನದ ದುರಸ್ತಿಗೆ ತೆತ್ತ ಜಿಎಸ್‌ಟಿಯ ಹೂಡುವಳಿ ಜಮೆ ಸಾಮಾನ್ಯ ವರ್ತಕರಿಗೆ ದೊರೆಯುವುದಿಲ್ಲ. ಸರಕು ಸಾಗಣೆಯ ವಾಹನಕ್ಕೆ ಈ ನಿರ್ಬಂಧವಿಲ್ಲ. ವ್ಯಾಪಾರದ ಖರ್ಚಾಗಿ ತೋರಿಸುವ ಹಣವನ್ನು ಒಬ್ಬರಿಗೆ ಒಂದೇ ದಿನ 10,000 ರೂ.ಗಿಂತ ಹೆಚ್ಚು ನಗದಾಗಿ ಕೊಟ್ಟರೆ ಆ ಖರ್ಚು ಆದಾಯ ತೆರಿಗೆಯಲ್ಲಿ ಸಲ್ಲುವುದಿಲ್ಲ. ಬಿಲ್ಲಿನಲ್ಲಿ 'ಬಾಗಿಲು ಕೆಲಸ' ಎಂದಷ್ಟೇ ಬರೆಸದೆ ಪಿನ್, ಬುಷ್, ವೆಲ್ಡಿಂಗ್, ಕೂಲಿ ಎಂದು ಬಿಡಿಸಿ ಬರೆಸಬೇಕು. ದೋಷ ಮರುಕಳಿಸಿದಾಗ ಯಾವ ಕೆಲಸ ಆಗಿತ್ತು, ಯಾವುದು ಆಗಿರಲಿಲ್ಲ ಎಂಬುದಕ್ಕೆ ಆ ಬಿಲ್ಲೇ ಸಾಕ್ಷಿ.

ಹುಣಸೂರು ವಾಹನ ಕಸುಬಿಗೆ ಹೊಸ ಊರಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಸರ್ಕಾರಿ ಕಾರ್ಖಾನೆಯಲ್ಲಿ ಗಾಡಿಗಳೂ ಚರ್ಮದ ಸಾಮಗ್ರಿಗಳೂ ತಯಾರಾಗುತ್ತಿದ್ದವು. ಇಂದು ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ನೋಡಲು ಜನರು ಟಿಕೆಟ್ ಪಡೆದು ಹೋಗುತ್ತಾರೆ. ತಗಡನ್ನು ಕೈಯಿಂದ ಬಡಿದು ಆಕಾರಕ್ಕೆ ತರಬಲ್ಲ ಹಿರಿಯ ಟಿಂಕರ್‌ಗಳಿಗೆ ನ್ಯಾಯವಾದ ಕೂಲಿ ಮತ್ತು ಸಾಕಷ್ಟು ಸಮಯ ಕೊಟ್ಟರೆ ಕಾರು ಉಳಿಯುವುದರ ಜೊತೆಗೆ ಆ ಕೆಲಸವನ್ನು ಕಲಿಯುವ ಹುಡುಗರೂ ಸಿಗುತ್ತಾರೆ. ಬಾಗಿಲನ್ನು ಬಡಿಯುವ ಮೊದಲು ಅದನ್ನೊಮ್ಮೆ ಎತ್ತಿ ನೋಡುವುದರಿಂದ ಈ ಕೆಲಸ ಆರಂಭವಾಗಲಿ.