ಹಳೇ ವಾಲ್ವ್ ರೇಡಿಯೊ: ಪ್ಲಗ್ ಹಾಕುವ ಮುನ್ನ

ಮುಳುಗಡೆಯಾಗಿ ಹಳೇ ಬಾಗಲಕೋಟೆಯಿಂದ ನವನಗರಕ್ಕೆ ಬಂದವರ ಅಟ್ಟದಲ್ಲಿ, ಇಳಕಲ್, ಹುನಗುಂದ, ಬಾದಾಮಿಯ ಹಿರಿಯರ ಮನೆಗಳಲ್ಲಿ ಮರ್ಫಿ, ಫಿಲಿಪ್ಸ್, ಬುಷ್ ರೇಡಿಯೊಗಳು ಸಿಗಬಹುದು. ನಿಮ್ಮೂರ ಶಾಲೆಯಲ್ಲಿ ಪುಟ್ಟ ಸಂಗ್ರಹಾಲಯ ಮಾಡುವ ಆಸೆಯಿದ್ದರೆ ಅವನ್ನು ಬರೀ ಗಾಜಿನ ಕಪಾಟಿಗೆ ಸೇರಿಸಬೇಡಿ. ಮಾತಾಡುವ ರೇಡಿಯೊ ನೋಡಿದ ಹುಡುಗರ ಮುಖವೇ ಬೇರೆ.

ಒಳಗಿರುವುದು ವಾಲ್ವ್, ಅಂದರೆ ಗಾಳಿ ತೆಗೆದ ಗಾಜಿನ ಬುರುಡೆ. ಅದರೊಳಗಿನ ತಂತಿ ಕಾದ ಮೇಲೆಯೇ ಕೆಲಸ ಶುರು. ಸ್ವಿಚ್ ಹಾಕಿದಾಗ ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಕೆಟ್ಟಿದೆ ಎನ್ನಬೇಡಿ.

1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯ ಅಲೆ 765 ಕಿಲೋಹರ್ಟ್ಝ್. ಮುಳ್ಳನ್ನು ಅಲ್ಲಿಗೆ ತಂದಾಗ ರೇಡಿಯೊ ತಾನೇ 1,220 ಕಿಲೋಹರ್ಟ್ಝ್‌ನ ಅಲೆಯೊಂದನ್ನು ಹುಟ್ಟಿಸಿ ಬೆರೆಸುತ್ತದೆ. ಎರಡರ ವ್ಯತ್ಯಾಸ 455. ಯಾವ ಕೇಂದ್ರ ಹಾಕಿದರೂ ಈ ವ್ಯತ್ಯಾಸ ಬದಲಾಗದು. ಹಾಗಾಗಿ ಮುಂದಿನ ಭಾಗಗಳನ್ನು ಅದೊಂದಕ್ಕೇ ಹದಗೊಳಿಸಿರುತ್ತಾರೆ. (ಕೆಲವು ಕಂಪನಿಗಳ ಸೆಟ್ಟಿನಲ್ಲಿ ಈ ಅಂಕಿ ತುಸು ಆಚೀಚೆ.) ಇದೇ ಸೂಪರ್‌ಹೆಟರೊಡೈನ್. ಮೊದಲ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಕಂಡುಕೊಂಡ ಜಾಣತನ.

ಡಯಲ್ ಮೇಲೆ 765 ಕಾಣಲಿಲ್ಲವೆ? ಮೀಟರಿನಲ್ಲಿ ಬರೆದಿರಬಹುದು. 3,00,000ವನ್ನು 765ರಿಂದ ಭಾಗಿಸಿ: ಸುಮಾರು 392 ಮೀಟರ್. ಅಲ್ಲೇ ಹುಡುಕಿ.

ಆದರೆ ನೇರವಾಗಿ ಪ್ಲಗ್ ಹಾಕಲೇಬೇಡಿ. ವರ್ಷಗಟ್ಟಲೆ ಸುಮ್ಮನಿದ್ದ ಕೆಪಾಸಿಟರ್, ಅಂದರೆ ವಿದ್ಯುತ್ ಹಿಡಿದಿಡುವ ಭಾಗ, ಒಣಗಿ ಹೋಗಿರುತ್ತದೆ. ಹಾಗೇ ಕರೆಂಟ್ ಕೊಟ್ಟರೆ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಬಲ್ಲ ಮೆಕ್ಯಾನಿಕ್ ಮೊದಲು ಅದನ್ನು ಬದಲಿಸಿ, ಸಾಲಿನಲ್ಲಿ ಒಂದು ಹಳೆ ಮಾದರಿಯ 60 ವಾಟ್ ಬಲ್ಬ್ ಜೋಡಿಸಿ ಪರೀಕ್ಷಿಸುತ್ತಾರೆ. ಬಲ್ಬ್ ಜೋರಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್ಟುಗಳಲ್ಲಿ ಕಬ್ಬಿಣದ ತಟ್ಟೆಗೇ ಕರೆಂಟ್ ಬರಬಹುದು. ಪ್ಲಗ್ ತೆಗೆದ ಮೇಲೂ ಕೆಪಾಸಿಟರ್ ಷಾಕ್ ಹೊಡೆಯುತ್ತದೆ. ಮಕ್ಕಳ ಕೈಗೆ ಹಿಂಬದಿ ಸಿಗದಂತೆ ಮುಚ್ಚಿಡಿ.

ಖರ್ಚು? ಕೆಪಾಸಿಟರುಗಳು ಅಗ್ಗ. ವಾಲ್ವ್ ಹೋಗಿದ್ದರೆ ಮಾತ್ರ ಜೇಬು ನೋಡಿಕೊಳ್ಳಬೇಕು. ಹೊಸದು ಸಿಗುವುದು ಅಪರೂಪವಾದ್ದರಿಂದ ಮಾರುವವನು ಹೇಳಿದ್ದೇ ಬೆಲೆ. ಊರಿನ ಹಳೆ ರಿಪೇರಿಯವರ ಡಬ್ಬಿಗಳಲ್ಲಿ ಮೊದಲು ಕೇಳಿ, ಆಮೇಲೆ ಬೆಂಗಳೂರಿನ ಎಸ್‌.ಪಿ. ರಸ್ತೆ.

ಸೆಟ್ಟಿನ ಜೊತೆ ಲೈಸೆನ್ಸ್ ಪುಸ್ತಕ ಸಿಕ್ಕರೆ ಬಿಸಾಡಬೇಡಿ. ಆಗ ರೇಡಿಯೊ ಕೇಳಲು ವರ್ಷವರ್ಷ ಅಂಚೆ ಕಚೇರಿಯಲ್ಲಿ ಹಣ ಕಟ್ಟಬೇಕಿತ್ತು. ಅದರಲ್ಲಿ ಬಿಜಾಪುರ ಜಿಲ್ಲೆ ಎಂದಿದ್ದರೆ ತಪ್ಪಲ್ಲ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಪುಸ್ತಕವನ್ನು ಸೆಟ್ಟಿನ ಪಕ್ಕದಲ್ಲೇ ಇಡಿ, ಅಂಚೆಯ ಮುದ್ರೆ ಕಾಣುವ ಪುಟ ತೆರೆದು.