ಹೆಸರು ಗುಲ್ಬರ್ಗಾದ್ದು, ಮೈದಾನ ಬೆಂಗಳೂರಿನದು

2022ರ ಆಗಸ್ಟ್ 26ರ ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಗುಲ್ಬರ್ಗಾ ಮಿಸ್ಟಿಕ್ಸ್ 11 ರನ್‌ಗಳಿಂದ ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು ಸೋಲಿಸಿ ಮೊದಲ ಮಹಾರಾಜ ಟ್ರೋಫಿ ಗೆದ್ದಿತು. ರಾಜಧಾನಿಯ ತಂಡವನ್ನು ರಾಜಧಾನಿಯಲ್ಲೇ ಮಣಿಸಿದ ಸಂಭ್ರಮ ಸಣ್ಣದೇನಲ್ಲ. ಆದರೆ ಆ ಪಂದ್ಯ ನೋಡಲು ಗುಲ್ಬರ್ಗಾ ಜಿಲ್ಲೆಯ ವಾಡಿಯ ಹುಡುಗ ಹೊರಟರೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ರಾತ್ರಿ ಕಳೆಯಬೇಕು. ಚಿಂಚೋಳಿಯವನಾದರೆ ರೈಲು ಹಿಡಿಯುವುದಕ್ಕೂ ಮೊದಲು ಬಸ್ಸು ಹಿಡಿಯಬೇಕು.

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಅಧ್ಯಕ್ಷರಾಗಿದ್ದಾಗಲೇ 2013ರ ಡಿಸೆಂಬರ್‌ನಲ್ಲಿ ತೀರಿಕೊಂಡ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಹೆಸರಿನ ಟೂರ್ನಿ ಇದು. 2009ರಲ್ಲಿ ಶುರುವಾದ ಕರ್ನಾಟಕ ಪ್ರೀಮಿಯರ್ ಲೀಗ್ 2019ರ ಮ್ಯಾಚ್ ಫಿಕ್ಸಿಂಗ್ ಬಂಧನಗಳ ನಂತರ ನಿಂತುಹೋಯಿತು. ಆ ಜಾಗಕ್ಕೆ ಇದು ಬಂತು. ಆರು ತಂಡಗಳು: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಶಿವಮೊಗ್ಗ, ಗುಲ್ಬರ್ಗಾ. ಊರು 2014ರಲ್ಲೇ ಕಲಬುರ್ಗಿಯಾದರೂ ತಂಡ ಹಳೆಯ ಹೆಸರಲ್ಲೇ ಉಳಿದಿದೆ, ಇರಲಿ. ಆಟ ನಡೆದದ್ದು ಮಾತ್ರ ಬೆಂಗಳೂರಿನಲ್ಲಿ, ಇಲ್ಲವೇ ಮೈಸೂರಿನಲ್ಲಿ.

ಹರೆಯದ ಹುಡುಗನೊಬ್ಬ ಆಟವನ್ನೇ ಅನ್ನವಾಗಿಸಿಕೊಳ್ಳುವುದು ಹೇಗೆಂದು ನೋಡಲು ಅಮೆರಿಕದ ಬೇಸ್‌ಬಾಲ್ ಕಡೆ ಒಮ್ಮೆ ತಿರುಗಬೇಕು. ಅಲ್ಲಿ ಔಟ್‌ಫೀಲ್ಡರ್ ಅಂದರೆ ನಮ್ಮ ಬೌಂಡರಿ ಗೆರೆಯ ಆಟಗಾರ. ಎಡ, ನಡು, ಬಲ ಎಂದು ಮೂವರು. ಹಿಂದೆ ಹಗ್ಗದ ಬದಲು ಗೋಡೆ. ಆಕಾಶ ನೋಡುತ್ತ ಹಿಂದಕ್ಕೆ ಓಡುವವನ ಕಾಲಿಗೆ ಗೋಡೆ ಹತ್ತಿರವಾಯಿತೆಂದು ಗೊತ್ತಾಗಲಿ ಎಂದು ಗೋಡೆಯ ಬುಡದುದ್ದಕ್ಕೂ ಹುಲ್ಲಿಲ್ಲದ ಮಣ್ಣಿನ ಪಟ್ಟಿ ಬಿಟ್ಟಿರುತ್ತಾರೆ. ಹುಲ್ಲು ಮುಗಿದು ಮಣ್ಣು ತಾಗಿದ ಕೂಡಲೇ ಅವನು ಜಿಗಿಯಲು ಸಿದ್ಧನಾಗುತ್ತಾನೆ.

ಈ ಕಸುಬಿನ ದೊಡ್ಡ ಹೆಸರು ಹುವಾನ್ ಸೊಟೊ. ಡೊಮಿನಿಕನ್ ಗಣರಾಜ್ಯದ ಹುಡುಗ. 2015ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ಜತೆ ಕರಾರು. 2018ರ ಋತುವನ್ನು ಅವನು ಶುರು ಮಾಡಿದ್ದು ಮೇರಿಲ್ಯಾಂಡಿನ ಹೇಗರ್ಸ್‌ಟೌನ್ ಎಂಬ ಸಣ್ಣ ಊರಿನ ತಂಡದಲ್ಲಿ. ಅಲ್ಲಿಂದ ಪೊಟೊಮ್ಯಾಕ್, ಅಲ್ಲಿಂದ ಹ್ಯಾರಿಸ್‌ಬರ್ಗ್. ಮೇ 20ಕ್ಕೆ, ಹತ್ತೊಂಬತ್ತರ ಹರೆಯದಲ್ಲಿ, ನೇರ ದೊಡ್ಡ ಲೀಗ್. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಡಲು ಒಪ್ಪಿತು. ಈ ಅಂಕಿಗೆ ಬೆರಗಾಗುವುದು ಸುಲಭ. ನನಗೆ ಮುಖ್ಯವೆನಿಸುವುದು ಹೇಗರ್ಸ್‌ಟೌನ್. 2021ರ ಪುನರ್‌ರಚನೆಯ ನಂತರ ದೊಡ್ಡ ಲೀಗಿನ 30 ತಂಡಗಳ ಕೈಕೆಳಗೆ ತಲಾ ನಾಲ್ಕರಂತೆ 120 ಕಿರಿಯ ತಂಡಗಳಿವೆ, ಅವುಗಳಲ್ಲಿ ಹಲವು ಸಣ್ಣಪುಟ್ಟ ಊರುಗಳವು. ಆ ಪುನರ್‌ರಚನೆಯಲ್ಲಿ ಹೇಗರ್ಸ್‌ಟೌನಿನದೇ ತಂಡ ಹೋಯಿತು ಎಂಬುದೂ ನಿಜ. ವ್ಯವಸ್ಥೆ ನಿರ್ದಯಿಯೇ. 2023ರ ಒಪ್ಪಂದದ ಪ್ರಕಾರವೂ ಈ 120ರಲ್ಲಿ ಕೆಳಹಂತದ ತಂಡದ ಆಟಗಾರನ ಕನಿಷ್ಠ ವಾರ್ಷಿಕ ಸಂಬಳ 26,200 ಡಾಲರ್, ಅಮೆರಿಕದ ಲೆಕ್ಕದಲ್ಲಿ ಬಡ ಸಂಬಳ. ಆದರೂ ಅವನಿಗೆ ವರ್ಷಕ್ಕೆ ನೂರಕ್ಕೂ ಹೆಚ್ಚು ಪಂದ್ಯಗಳಿವೆ, ಅವುಗಳಲ್ಲಿ ಅರ್ಧದಷ್ಟು ಸಣ್ಣ ಊರಿನ ಜನರ ಕಣ್ಣೆದುರೇ ನಡೆಯುತ್ತವೆ. ಮಿಸ್ಟಿಕ್ಸ್ ಆಟಗಾರನಿಗೆ ಲೀಗ್ ಹಂತದಲ್ಲಿ ಸಿಗುವುದು ಹತ್ತು ಪಂದ್ಯ.

ಆ ಪಂದ್ಯಗಳನ್ನಾಡಿದ 2022ರ ಮಿಸ್ಟಿಕ್ಸ್‌ನ ದೊಡ್ಡ ಹೆಸರುಗಳು ಎಲ್ಲಿಯವೆಂದು ನೋಡಿ. ನಾಯಕ ಮನೀಶ್ ಪಾಂಡೆ ಹುಟ್ಟಿದ್ದು ನೈನಿತಾಲ್, ಆಟ ಬೆಳೆದದ್ದು ಬೆಂಗಳೂರಿನಲ್ಲಿ. 2009ರ ಮೇ 21ರಂದು ಸೆಂಚುರಿಯನ್‌ನಲ್ಲಿ ಔಟಾಗದೆ 114 ಹೊಡೆದು ಐಪಿಎಲ್‌ನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯನಾದಾಗ ವಯಸ್ಸು ಇನ್ನೂ 19. ಬೌಂಡರಿ ಗೆರೆಯಲ್ಲಿ ಈತನ ಓಟ, ಎಸೆತ ನೋಡಿದವರಿಗೆ ಫೀಲ್ಡಿಂಗೂ ಒಂದು ಕಸುಬು ಎಂದು ಬೇರೆ ಹೇಳಬೇಕಿಲ್ಲ. ದೇವದತ್ತ ಪಡಿಕ್ಕಲ್ ಕೇರಳದಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ಬೆಳೆಯುತ್ತಿದ್ದವರು. ಮಗನ ಕ್ರಿಕೆಟ್‌ಗಾಗಿ ಮನೆಯವರು ಬೆಂಗಳೂರಿಗೇ ಬಂದರು. ನಮ್ಮ ಜಿಲ್ಲೆಯ ಸೇಡಂ, ಚಿತ್ತಾಪುರದ ಮೂಲಕವೇ ಹಾದುಹೋಗುವ ಹೈದರಾಬಾದ್ ದಾರಿಯಲ್ಲಿ ಹೀಗೆ ಸಂಸಾರ ಕಟ್ಟಿಕೊಂಡು ಬೆಂಗಳೂರಿಗೆ ಹೊರಡಬಲ್ಲ ತಂದೆ ಎಷ್ಟು ಮಂದಿ ಸಿಕ್ಕಾರು?

ಕ್ವಾರಿಯಲ್ಲಿ, ಸಿಮೆಂಟ್ ಕಾರ್ಖಾನೆಯಲ್ಲಿ ದುಡಿಯುವ ಮನೆಗಳಲ್ಲಿ ಅದು ಆಗದ ಮಾತು. ನೆಲವೂ ಇಲ್ಲಿ ಫೀಲ್ಡರ್‌ನ ಪರವಾಗಿಲ್ಲ. ಶಹಾಬಾದ್, ವಾಡಿ ಸುತ್ತ ಕಾಲಡಿ ಫರಸಿ ಕಲ್ಲು, ಸೇಡಂ ಕಡೆ ಎರಿ ನೆಲ. ಬ್ಯಾಸಗಿಯಲ್ಲಿ ಎರಿ ಬಿರಿಯುತ್ತದೆ, ಬಿರುಕಿಗೆ ಬಡಿದ ಚೆಂಡು ಯಾವ ಕಡೆ ಹಾರೀತೆಂದು ಹೇಳಲಾಗದು. ಮಳೆಗಾಲದಲ್ಲಿ ಅದೇ ಮಣ್ಣು ಬೂಟು ಕಿತ್ತುಕೊಳ್ಳುತ್ತದೆ. ಹುಲ್ಲಿನ ಮೇಲೆ ಮೊಣಕಾಲೂರಿ ಜಾರಿ, ಒಂದೇ ಕೈಯಲ್ಲಿ ಚೆಂಡು ಎತ್ತಿ, ಎದ್ದೇಳುತ್ತಲೇ ಎಸೆಯುವುದನ್ನು ಟಿವಿಯಲ್ಲಿ ನೋಡಿ ಕಲಿಯಬಹುದು. ಕಲ್ಲಿನ ಮೇಲೆ ಅಭ್ಯಾಸ ಮಾಡಿದರೆ ಮೊಣಕಾಲು ಉಳಿಯದು. ಹಾಗಾಗಿ ಇಲ್ಲಿನ ಹುಡುಗ ಬ್ಯಾಟು ಬೀಸುತ್ತಾನೆ, ಜೋರಾಗಿ ಬೌಲ್ ಮಾಡುತ್ತಾನೆ, ಆದರೆ ಚೆಂಡಿಗೆ ಡೈವ್ ಹೊಡೆಯುವುದಿಲ್ಲ. ಆಯ್ಕೆದಾರರಿಗೆ ಅದು ಮೊದಲ ನೋಟಕ್ಕೇ ಕಾಣುತ್ತದೆ.

ಈ ಕಡೆಯವರು ಮೇಲೇರುವುದೇ ಇಲ್ಲವೆಂದೇನೂ ಅಲ್ಲ. ಪಕ್ಕದ ರಾಯಚೂರಿನ ಯೆರೆ ಗೌಡ ಕರ್ನಾಟಕಕ್ಕೆ ಆಡಿ, ರೈಲ್ವೇಸ್‌ಗೆ ಹೋಗಿ, 2001-02 ಮತ್ತು 2004-05ರಲ್ಲಿ ರಣಜಿ ಟ್ರೋಫಿ ಗೆದ್ದ ತಂಡದಲ್ಲಿದ್ದರು. ಆಮೇಲೆ ಮರಳಿ ಬಂದು ಕರ್ನಾಟಕದ ನಾಯಕರಾದರು. ರೈಲ್ವೆ ನೌಕರಿ ಎಷ್ಟೋ ಆಟಗಾರರಿಗೆ ಎರಡು ಹೊತ್ತಿನ ಊಟವನ್ನೂ ಆಡುವ ಬಿಡುವನ್ನೂ ಕೊಟ್ಟಿದೆ. 1874ರಿಂದ ಜಂಕ್ಷನ್ ಆಗಿರುವ ವಾಡಿಗೆ ಈ ದಾರಿ ಹೊಸದಾಗಿ ತೋರಿಸಬೇಕಿಲ್ಲ.

ನೌಕರಿಗೆ, ಕಾಲೇಜು ಸೀಟಿಗೆ ಈ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ. ಕ್ರಿಕೆಟ್‌ನಲ್ಲಿ ಅಂಥ ಮೀಸಲಾತಿ ಯಾರೂ ಕೇಳುತ್ತಿಲ್ಲ, ಕೇಳಬೇಕಾಗಿಯೂ ಇಲ್ಲ. ಕಲಬುರ್ಗಿಯಲ್ಲಿ ಹುಲ್ಲಿನ ಮೈದಾನ, ತಾಲ್ಲೂಕಿಗೊಂದು ಟರ್ಫ್ ವಿಕೆಟ್, ಮಿಸ್ಟಿಕ್ಸ್‌ನ ಎರಡು ಪಂದ್ಯವಾದರೂ ಈ ಜಿಲ್ಲೆಯಲ್ಲಿ: ಇಷ್ಟನ್ನು ಕೆಎಸ್‌ಸಿಎ ಮತ್ತು ತಂಡದ ಮಾಲೀಕರು ಮನಸ್ಸು ಮಾಡಿದರೆ ಕೊಡಬಹುದು, ಕೊಡಬೇಕು.